ಆರು ಮಳೆಗಾಲ ಕಂಡ ನಮ್ಮ ಸೆಕೆಂಡ್ಸ್ 407: ಘಟ್ಟ, ಉಪ್ಪುಗಾಳಿ ಮತ್ತು ಡೆಲಿವರಿ ಕೆಲಸ

ಗಾಡಿ ಟಾಟಾ 407, ಅಂದರೆ ಸಣ್ಣ ಲಾರಿ, 2013ರ ಮಾಡೆಲ್, ಬಿಎಸ್-3 (ಹೊಗೆ ನಿಯಮದ ಹಳೆಯ ಹಂತ). ನಾನು ತಗೊಂಡದ್ದು 2019ರ ಜನವರಿಯಲ್ಲಿ, 4 ಲಕ್ಷದ 10 ಸಾವಿರಕ್ಕೆ. ಆಗ ಮೀಟರಿನಲ್ಲಿ 1,42,000 ಕಿ.ಮೀ. ಇತ್ತು, ಈಗ 2,31,000 ದಾಟಿದೆ. ಕರಾವಳಿಯಲ್ಲಿ ಯಾರಾದರೂ ಹಳೆಯ ಗಾಡಿ ಹುಡುಕುತ್ತಿದ್ದರೆ ಎಂಜಿನ್ನಿಗಿಂತ ಮೊದಲು ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ನೋಡಿ, ಬ್ರೇಕು ನೋಡಿ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ. ಶಿರಸಿ ದಾರಿಯ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಬ್ರೇಕು ಹೋದರೆ ಏನು ಹೋಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮದು ಕುಮಟಾ. ಮೂರು ಹಾರ್ಡ್‌ವೇರ್ ಅಂಗಡಿಗಳ ಸಿಮೆಂಟು, ಕಬ್ಬಿಣ, ಟೈಲ್ಸು, ನೀರಿನ ಟ್ಯಾಂಕುಗಳನ್ನು ಗಿರಾಕಿಗಳ ಮನೆಬಾಗಿಲಿಗೆ ಮುಟ್ಟಿಸುವ ಕೆಲಸ. ಮಿರ್ಜಾನ್, ಗೋಕರ್ಣ, ಕತಗಾಲ ಕಡೆ ದಿನವೂ ಹೋಗುವುದಿರುತ್ತದೆ. ವಾರಕ್ಕೆರಡು ಸಲ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇವೆ, ಬರುವಾಗ ಅಡಿಕೆ ಚೀಲವೋ ಮರದ ಸಾಮಾನೋ ಸಿಕ್ಕಿದರೆ ಹೇರಿಕೊಂಡು ಬರುತ್ತೇವೆ. ತಿಂಗಳಲ್ಲಿ ಐದಾರು ದಿನ ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಸೈಟಿಗೆ ಎಳೆದೊಯ್ಯುವ ಕೆಲಸವೂ ಇದೆ.

ಮೊದಲು ಪಿಕಪ್ ಇತ್ತು. ಒಂದೂವರೆ ಟನ್ ಆಸುಪಾಸಿನ ಗಾಡಿಗೆ ನಲವತ್ತು ಚೀಲ ಸಿಮೆಂಟು, ಅಂದರೆ ಎರಡು ಟನ್, ಹೇರಿ ಘಟ್ಟ ಹತ್ತಿಸುವುದು ತಪ್ಪು ಅಂತ ಗೊತ್ತಿದ್ದೂ ಕೆಲವು ಸಲ ಮಾಡಿದೆವು. ಅದನ್ನು ನಿಲ್ಲಿಸಬೇಕು ಅಂತಲೇ ದೊಡ್ಡ ಗಾಡಿಗೆ ಹೊರಟದ್ದು. 407 ಯಾಕೆ ಅಂದರೆ ಬಿಡಿಭಾಗ. 1986ರಿಂದ ರಸ್ತೆಯಲ್ಲಿರುವ ಗಾಡಿ ಇದು. ಅಂಕೋಲಾದಲ್ಲಿ ನಿಂತರೂ ಹೊನ್ನಾವರದಲ್ಲಿ ನಿಂತರೂ ಕೈಹಾಕುವ ಮೆಕ್ಯಾನಿಕ್ ಸಿಗುತ್ತಾನೆ, ಸಾಮಾನೂ ಸಿಗುತ್ತದೆ. ಇದರ 497 ಎಂಜಿನ್ನಿಗೆ ನಾಲ್ಕು ಸಿಲಿಂಡರು, ಒಂದೊಂದರ ಅಗಲ 97 ಮಿ.ಮೀ., ಆ ಹೆಸರು ಬಂದದ್ದೇ ಅದರಿಂದ. ಒಟ್ಟು 2,956 ಸಿಸಿ. ವೇಗದ ಗಾಡಿ ಅಲ್ಲವೇ ಅಲ್ಲ. ಆದರೆ ಎರಡನೇ ಗೇರಿನಲ್ಲಿ ಲೋಡು ಹೊತ್ತು ತಿರುವು ಹತ್ತುವಾಗ ಅದು ಏದುಸಿರು ಬಿಡುವುದಿಲ್ಲ, ಒಂದೇ ಸ್ವರದಲ್ಲಿ ಗುನುಗುತ್ತಾ ಹತ್ತುತ್ತದೆ. ಆ ಸ್ವರ ಈಗ ನನಗೆ ಬಾಯಿಪಾಠ, ಸ್ವಲ್ಪ ಬದಲಾದರೂ ತಿಳಿಯುತ್ತದೆ.

ಕೊಳ್ಳುವ ಮೊದಲು ಎರಡು ಗಾಡಿ ನೋಡಿದ್ದೆ. ಒಂದು ಕಾರವಾರದ್ದು, ಮೀನು ಹೊತ್ತ ಗಾಡಿ. ಹೊಸ ಪೇಂಟು, ಹೊಸ ಟಾರ್ಪಾಲು, ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟು. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದೆ, ಬ್ಯಾಕ್ ಕಂಪ್ರೆಶನ್ (ಒಳಗಿಂದ ಗಾಳಿ ಹೊರಗೆ ನೂಕುವುದು) ಇರಲಿಲ್ಲ, ಹೊಗೆಯೂ ಇಲ್ಲ. ಬೆಲೆ ನಾನು ಕೊಟ್ಟದ್ದಕ್ಕಿಂತ ಅರವತ್ತು ಸಾವಿರ ಕಮ್ಮಿ. ಕೈ ಹಾಕಿಯೇ ಬಿಡುತ್ತಿದ್ದೆ. ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಂದು ಗೋಣಿಚೀಲ ಹಾಸಿಕೊಂಡು ಗಾಡಿಯಡಿ ಮಲಗಿದರು. ಕೈಯಲ್ಲಿ ಸಣ್ಣ ಸುತ್ತಿಗೆ. ಮುಂದಿನಿಂದ ಚಾಸಿಯನ್ನು ತಟ್ಟುತ್ತಾ ಬಂದರು, ಟಣ್, ಟಣ್, ಟಣ್. ಹಿಂದಿನ ಚಕ್ರ ದಾಟಿದ ಮೇಲೆ ಸದ್ದು ಬದಲಾಯಿತು, ಡಬ್, ಡಬ್. ಇನ್ನೊಂದೇಟಿಗೆ ಬಿಸ್ಕತ್ತಿನಂತೆ ಪದರ ಎದ್ದು ಅವರ ಎದೆಯ ಮೇಲೇ ಬಿತ್ತು. ಮೇಲೆ ಹೊಸ ಕಪ್ಪು ಬಣ್ಣ, ಒಳಗೆ ಹುಡಿ.

ಕಾರಣ ಸರಳ. ಮೀನಿನ ಬಾಕ್ಸಿನಲ್ಲಿ ಐಸು ಕರಗಿ ಉಪ್ಪುನೀರಾಗುತ್ತದೆ, ಹಲಗೆಯ ಸಂದಿನಲ್ಲಿ ಇಳಿದು ಸೀದಾ ಹಿಂದಿನ ಅಡ್ಡಪಟ್ಟಿಯ ಮೇಲೆ, ಬ್ಲೇಡಿನ (ಪಟ್ಟಿ ಸ್ಪ್ರಿಂಗಿನ) ಶ್ಯಾಕಲ್ ಕೊಂಡಿಯ ಮೇಲೆ, ಬ್ರೇಕಿನ ಪೈಪಿನ ಮೇಲೆ ತೊಟ್ಟಿಕ್ಕುತ್ತದೆ. ವರ್ಷಗಟ್ಟಲೆ. ಕಡಲಂಚಿನ ಗಾಳಿ ಎಲ್ಲ ಗಾಡಿಗೂ ಒಂದೇ, ಮೀನುಗಾಡಿಗೆ ಒಳಗಿನಿಂದಲೂ ಉಪ್ಪು. ಮೀನು ವ್ಯಾಪಾರದವರನ್ನು ದೂರುತ್ತಿಲ್ಲ, ಅವರ ಕೆಲಸದ ಸ್ವಭಾವವೇ ಅದು. ಆದರೆ ಆ ಗಾಡಿ ಅವರಿಗೇ ಸರಿ, ಕಬ್ಬಿಣ ಹೊರುವವರಿಗೆ ಅಲ್ಲ.

ಎರಡನೆಯದು ಕೆಎ 31, ಶಿರಸಿಯ ನೋಂದಣಿ. ಘಟ್ಟದ ಮೇಲೆಯೇ ಬಾಳಿದ ಗಾಡಿ, ಅಡಿಕೆ, ಗೊಬ್ಬರ ಹೊತ್ತದ್ದು. ಪೇಂಟು ಮಾಸಿತ್ತು, ಸೀಟು ಹರಿದಿತ್ತು, ಸುತ್ತಿಗೆಗೆ ಮಾತ್ರ ಉದ್ದಕ್ಕೂ ಟಣ್ ಅಂದಿತು. ಅದನ್ನೇ ತಂದೆ.

ಆದರೂ ಒಂದು ತಪ್ಪಿತು. ಅದನ್ನು ಬಿಚ್ಚಿ ಹೇಳುತ್ತೇನೆ, ನೀವು ತಪ್ಪಿಸಿಕೊಳ್ಳಬಾರದು ಅಂತ. ಹಿಂದಿನ ಬ್ಲೇಡ್ ಸೆಟ್ಟಿನಲ್ಲಿ ಎಡಕ್ಕೂ ಬಲಕ್ಕೂ ಎರಡೆರಡು ಹೆಚ್ಚಿನ ಬ್ಲೇಡು ಸೇರಿಸಿದ್ದರು. ನಾನು ಅದನ್ನು ನೋಡಿ, ಗಟ್ಟಿ ಮಾಡಿಸಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಹೆಚ್ಚಿನ ಬ್ಲೇಡು ಅಂದರೆ ಆ ಗಾಡಿ ತಾಕತ್ತಿಗೆ ಮೀರಿ ಲೋಡು ಹೊತ್ತಿದೆ ಅಂತಲೇ ಅರ್ಥ. ಸ್ಪ್ರಿಂಗು ಬಗ್ಗದಿದ್ದರೆ ಹೊಂಡದ ಪೆಟ್ಟು ಪೂರ್ತಿ ಚಾಸಿಗೆ ಹೋಗುತ್ತದೆ. ತಂದ ಐದನೇ ತಿಂಗಳು, ಬಂಡಲದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಹಿಂದೆ ಬಾಗಿ ನೋಡಿದೆ. ಬಲಗಡೆ ಬ್ಲೇಡನ್ನು ಚಾಸಿಗೆ ಹಿಡಿಸುವ ಹ್ಯಾಂಗರಿನ ರಿವಿಟ್ ಪಕ್ಕ ಕೂದಲಿನಷ್ಟು ಸಪೂರ ಗೆರೆ, ಅದರಿಂದ ಕೆಂಪು ನೀರಿಳಿದ ಗುರುತು. ಬೆರಳಲ್ಲಿ ಒರೆಸಿದೆ, ಗೆರೆ ಹೋಗಲಿಲ್ಲ. ಚಾಸಿ ಬಿರುಕು ಬಿಟ್ಟಿತ್ತು. ಲೋಡನ್ನು ಬೇರೆ ಗಾಡಿಗೆ ಹಾಕಿಸಿ ಖಾಲಿ ಗಾಡಿಯನ್ನು ಶಿರಸಿಗೆ ಒಯ್ದೆ. ಬಿರುಕಿನ ತುದಿಗೆ ತೂತು ಕೊರೆದು, ವೆಲ್ಡ್ ಮಾಡಿ, ಒಳಗಿಂದ ಪ್ಲೇಟು ಕೊಟ್ಟು ಬೋಲ್ಟು ಬಿಗಿದರು. ತುದಿಗೆ ತೂತು ಕೊರೆಯದೆ ಬರೇ ವೆಲ್ಡ್ ಮಾಡಿದರೆ ಗೆರೆ ಮತ್ತೆ ಮುಂದಕ್ಕೆ ಓಡುತ್ತದೆ, ಇದನ್ನು ಎದುರು ನಿಂತು ಮಾಡಿಸಿ. ಹೆಚ್ಚಿನ ಬ್ಲೇಡು ತೆಗೆಸಿದ್ದೂ ಸೇರಿ 38 ಸಾವಿರ, ಒಂಬತ್ತು ದಿನ ಬಾಡಿಗೆಯಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಆ ಜಾಗ ಅಲುಗಿಲ್ಲ. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ, ಕಳೆದರೆ ಬರುವುದೇ ನಿಮ್ಮ ಲೋಡು. ನಾನು ಅದಕ್ಕಿಂತ ಒಂದು ಚೀಲ ಜಾಸ್ತಿ ಹೇರುವುದಿಲ್ಲ. ಇದರಿಂದ ಎರಡು ಗಿರಾಕಿಗಳು ಬಿಟ್ಟುಹೋದರು, ಹೋಗಲಿ.

ಇನ್ನು ಬ್ರೇಕು. ನನ್ನ ಗಾಡಿಯದು ಹೈಡ್ರಾಲಿಕ್ ಬ್ರೇಕು, ಅದಕ್ಕೆ ಕಾಲಿನ ಒತ್ತಡ ಹೆಚ್ಚಿಸುವ ವ್ಯಾಕ್ಯೂಮ್ ಬೂಸ್ಟರ್. ಎಂಜಿನ್ ತಿರುಗಿದರೆ ಮಾತ್ರ ವ್ಯಾಕ್ಯೂಮ್ ಪಂಪು ತಿರುಗುವುದು. ಡೀಸೆಲ್ ಉಳಿಸುತ್ತೇವೆ ಅಂತ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರನ್ನು ಈಗಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಎರಡು ಮೂರು ಸಲ ತುಳಿದರೆ ಬೂಸ್ಟರಿನಲ್ಲಿದ್ದದ್ದು ಮುಗಿಯಿತು, ಆಮೇಲೆ ಪೆಡಲು ಕಲ್ಲು. ಹತ್ತಿದ ಗೇರಿನಲ್ಲೇ ಇಳಿಯಬೇಕು. ಎರಡರಲ್ಲಿ ಹತ್ತಿದ್ದರೆ ಎರಡರಲ್ಲಿ. ನನ್ನ ತಮ್ಮನ ಮಗ ಓಡಿಸಲು ಶುರುಮಾಡಿದ ಹೊಸದರಲ್ಲಿ ಮೂರರಲ್ಲಿ ಇಳಿಸುತ್ತಾ ಬ್ರೇಕಿನ ಮೇಲೆ ಕಾಲು ಇಟ್ಟೇ ಬಂದ. ಕತಗಾಲ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಡ್ರಮ್ಮಿನ ಹತ್ತಿರ ಕೈ ಒಯ್ದರೆ ಒಲೆಯ ಮುಂದೆ ಕೂತಂತೆ ಬಿಸಿ. ನೀರು ಎರಚಬಾರದು, ಡ್ರಮ್ಮು ಸೀಳುತ್ತದೆ. ಮುಕ್ಕಾಲು ಗಂಟೆ ಸುಮ್ಮನೆ ನಿಂತೆವು. ಆ ದಿನದಿಂದ ಅವನು ಘಟ್ಟದ ತಲೆಯಲ್ಲಿ ಒಮ್ಮೆ ನಿಲ್ಲಿಸಿ, ಗೇರು ಹಾಕಿಕೊಂಡು, ಆಮೇಲೆಯೇ ಇಳಿಯುತ್ತಾನೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದರೆ ಬಿಸಿಗೆ ಬೇಗ ಕುದಿಯುತ್ತದೆ, ಪೆಡಲು ಮೆತ್ತಗಾಗುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ! ಹಾಗಾಗಿ ಪ್ರತಿ ಮೇ ತಿಂಗಳು ಪೂರ್ತಿ ಬದಲಿಸುತ್ತೇನೆ. ಆರು ವರ್ಷದಲ್ಲಿ ಬ್ರೇಕ್ ಲೈನರ್ ಮೂರು ಸಲ, ವೀಲ್ ಸಿಲಿಂಡರ್ ಎರಡು ಸಲ, ಹ್ಯಾಂಡ್‌ಬ್ರೇಕ್ ಕೇಬಲು ತುಕ್ಕು ಹಿಡಿದು ಎರಡು ಸಲ ಬದಲಿಸಿದೆ.

ಮಿಕ್ಸರ್ ಎಳೆಯುವವರಿಗೆ ಒಂದು ಮಾತು. ಹುಕ್ಕು ಇರುವುದು ಹಿಂದಿನ ಅಡ್ಡಪಟ್ಟಿಯಲ್ಲಿ, ತುಕ್ಕು ಮೊದಲು ಹಿಡಿಯುವುದೂ ಅದಕ್ಕೇ. ಮೇಲ್ಗಡೆ ಹುಕ್ಕು ದಪ್ಪಗಿದೆ ಅಂತ ನಂಬಬೇಡಿ, ಬೋಲ್ಟು ಕೂತ ಜಾಗದ ಹಿಂಬದಿ ತಡವಿ ನೋಡಿ. ಪಿನ್ನಿನ ಜೊತೆಗೆ ಒಂದು ಸರಪಳಿ ಇರಲೇಬೇಕು, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು. ಮಿಕ್ಸರಿಗೆ ಅದರದೇ ಬ್ರೇಕಿಲ್ಲ, ಸಮತಟ್ಟಿನಲ್ಲಿ ಹಿಂದೆ ಬರುತ್ತದೆ, ಇಳಿಜಾರಿನಲ್ಲಿ ಗಾಡಿಯನ್ನೇ ಮುಂದಕ್ಕೆ ನೂಕುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಒಮ್ಮೆ ಗಾಡಿಯ ಹಿಂಭಾಗ ಪಕ್ಕಕ್ಕೆ ಜರುಗಿದ್ದು ಸೀಟಿನಲ್ಲೇ ಗೊತ್ತಾಯಿತು. ಘಟ್ಟಕ್ಕೆ ಎಳೆಯುವುದನ್ನು ಅಂದೇ ಬಿಟ್ಟೆ. ಈಗ ಕುಮಟಾ ಸುತ್ತಮುತ್ತ ಮಾತ್ರ, ಇಪ್ಪತ್ತೈದು ಮೂವತ್ತರ ವೇಗದಲ್ಲಿ.

ಹೊಸ ಗಾಡಿ ಸಾಲದಲ್ಲಿ ತಗೊಳ್ಳಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಡ ಕೆಲಸವೇ ಅರ್ಧ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು, ಜನ ಪ್ರಾಣ ಕಳೆದುಕೊಂಡರು, ಲಾರಿಯೇ ಗಂಗಾವಳಿ ಪಾಲಾಯಿತು. ಮರುತಿಂಗಳು 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಲಾರಿಯ ಸಮೇತ ಕುಸಿಯಿತು. ಆ ದಿನಗಳಲ್ಲಿ ಕಾರವಾರದ ಕಡೆ ನಮಗೆ ಒಂದು ಟ್ರಿಪ್ಪೂ ಇಲ್ಲ. ಕಂತು ಕಟ್ಟುವ ಗಾಡಿಯಾಗಿದ್ದರೆ ಹೆಂಡತಿಯ ಬಳೆ ಅಡವಿಡಬೇಕಿತ್ತು. ಗಾಡಿ ಸುಮ್ಮನೆ ಶೆಡ್ಡಿನಲ್ಲಿ ನಿಂತಿತು, ನಾವು ಕಾದೆವು. ನಮ್ಮಂಥ ಸಣ್ಣ ಕೆಲಸಕ್ಕೆ ಹಳೆ ಗಾಡಿ ಕೊಡುವ ನೆಮ್ಮದಿ ಇದೇ.

ಕಾಗದದ ವಿಚಾರ ಚುಟುಕಾಗಿ: ಗಾಡಿಗೆ ಎಂಟು ವರ್ಷದವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ, ಆ ಖರ್ಚು ಲೆಕ್ಕದಲ್ಲಿರಲಿ. ಹಳೆ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪೊಥಿಕೇಶನ್ (ಸಾಲ ಕೊಟ್ಟವರ ಹಕ್ಕಿನ ನಮೂದು) ಉಳಿದಿರುತ್ತದೆ, ಸಾಲ ತೀರಿತು ಅಂತ ತೋರಿಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಗೋವಾ ನೋಂದಣಿಯ ಗಾಡಿ ಅಗ್ಗಕ್ಕೆ ಸಿಗುತ್ತದೆ, ಅದಕ್ಕೆ ಅಲ್ಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ತೆರಿಗೆ ಎಲ್ಲ ಸೇರಿಸಿ ಆಮೇಲೆ ಅಗ್ಗವೋ ಅಲ್ಲವೋ ನೋಡಿ. ನಮ್ಮ 407ರ ಒಟ್ಟು ತೂಕ 7,500 ಕೆಜಿಯೊಳಗೆ ಇರುವುದರಿಂದ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ತಮ್ಮನ ಮಗನ ವಿಷಯದಲ್ಲಿ ಇದ್ದ ಅಳುಕು ಅಂದಿಗೆ ಹೋಯಿತು.

ಮೈಲೇಜು ಹೆದ್ದಾರಿಯಲ್ಲಿ ಒಂಬತ್ತು, ಲೋಡಿನೊಂದಿಗೆ ಘಟ್ಟ ಹತ್ತಿದರೆ ಆರು. ಕ್ಲಚ್ ಪ್ಲೇಟು ಒಮ್ಮೆ, ಡೀಸೆಲ್ ಪಂಪು ಒಮ್ಮೆ ಹುಬ್ಬಳ್ಳಿಗೆ ಕಳಿಸಿ ಮಾಡಿಸಿದ್ದು, ಎಂಜಿನ್ ಈವರೆಗೆ ಬಿಚ್ಚಿಲ್ಲ. ಕ್ಯಾಬಿನ್ನಿನಲ್ಲಿ ಸೆಕೆ ವಿಪರೀತ, ಮಧ್ಯಾಹ್ನ ಗೋಕರ್ಣದ ಟ್ರಿಪ್ಪು ಮುಗಿಸುವಷ್ಟರಲ್ಲಿ ಅಂಗಿ ಹಿಂಡಬಹುದು. ವಾರಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು ಹೊಡೆಯುತ್ತೇವೆ, ವರ್ಷಕ್ಕೊಮ್ಮೆ ತುಕ್ಕು ಕೆರೆದು ರೆಡ್ ಆಕ್ಸೈಡು, ಅದರ ಮೇಲೆ ಕಪ್ಪು. ಇಷ್ಟಾದರೂ ಹೋದ ತಿಂಗಳು ಸುತ್ತಿಗೆ ಹಿಡಿದು ಅಡಿಗೆ ಮಲಗಿದಾಗ ಹಿಂದಿನ ಅಡ್ಡಪಟ್ಟಿಯ ಎಡತುದಿ ಡಬ್ ಅಂದಿತು. ಹುಕ್ಕು ಬಿಚ್ಚಿಟ್ಟಿದ್ದೇನೆ, ಮಿಕ್ಸರ್ ಕೆಲಸಕ್ಕೆ ಸದ್ಯ ಬೇರೆಯವರನ್ನು ಕಳಿಸುತ್ತಿದ್ದೇವೆ. ಏಪ್ರಿಲ್‌ನಲ್ಲಿ ಹೊಸ ಅಡ್ಡಪಟ್ಟಿ ಹಾಕಿಸುವುದಾಗಿ ಶಿರಸಿಯಲ್ಲಿ ಮಾತಾಗಿದೆ, ಮಳೆ ಬೀಳುವುದರೊಳಗೆ ಅದೊಂದು ಆಗಬೇಕು.