ನಗಿಸುವ ಸೂಪರ್‌ಹೀರೋಗಳು: ಎರಡನೇ ಸಲ ನೋಡಿದಾಗ ಉಳಿದದ್ದು ಯಾವುದು?

ಸೂಪರ್‌ಹೀರೋ ಸಿನಿಮಾದಲ್ಲಿ ತಮಾಷೆ ಬೇಕೇ ಬೇಡವೇ ಎಂಬ ಜಗಳ ಸದ್ಯಕ್ಕೆ ಮುಗಿಯುವ ಹಾಗಿಲ್ಲ. ನನಗಂತೂ ಬೇಕು. ‘ಡೆಡ್‌ಪೂಲ್’, ಟೈಕಾ ವೈಟೀಟಿ ನಿರ್ದೇಶಿಸಿದ ಎರಡು ‘ಥಾರ್’ ಚಿತ್ರಗಳು ಮತ್ತು ‘ಶಝಾಮ್’ ಇವನ್ನೆಲ್ಲ ಈಚೆಗೆ ಒಂದರ ಹಿಂದೊಂದು ಮತ್ತೆ ನೋಡಿದೆ. ಮೊದಲ ಸಲ ಎಲ್ಲವೂ ನಗಿಸಿದ್ದವು. ಈ ಸಲ ಕೆಲವು ಮಾತ್ರ ನಗಿಸಿದವು.

2016ರ ‘ಡೆಡ್‌ಪೂಲ್’ ಪೂರ್ತಿ ಮಾತಿನ ಮೇಲೆ ನಿಂತ ಚಿತ್ರ. ರಯಾನ್ ರೆನಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ನಮ್ಮ ಜೊತೆಗೇ ಹರಟುತ್ತಾನೆ. ಅಷ್ಟು ದೊಡ್ಡ ಬಂಗಲೆಯಲ್ಲಿ ಎಕ್ಸ್-ಮೆನ್ ಎಂಬ ಸೂಪರ್‌ಹೀರೋ ಬಳಗದವರು ಇಬ್ಬರೇ ಕಾಣಿಸುತ್ತಾರಲ್ಲ, ಇನ್ನೊಬ್ಬರನ್ನು ಹಾಕಿಕೊಳ್ಳಲು ಸ್ಟುಡಿಯೋ ಹತ್ತಿರ ದುಡ್ಡಿರಲಿಲ್ಲವೇ ಎಂದು ತನ್ನ ಸಿನಿಮಾದ ಕಾಲನ್ನೇ ಎಳೆಯುತ್ತಾನೆ. ಆ ಬಳಗದ ಹಿಂದಿನ ಚಿತ್ರಗಳನ್ನು ನೋಡಿದವರಿಗೆ ಇದು ಹಬ್ಬ. ನೋಡದವರಿಗೆ ಅರ್ಧಕ್ಕರ್ಧ ಮಾತು ತಲೆಯ ಮೇಲೆ ಹೋಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರವಂತೂ ಅಲ್ಲ. ಮತ್ತೆ ನೋಡುವಾಗ ಆ ಚಟಾಕಿಗಳಲ್ಲಿ ಬಹಳಷ್ಟು ಹಳಸಿದ್ದವು. ಆದರೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ವೇಡ್ (ಡೆಡ್‌ಪೂಲ್‌ನ ನಿಜ ಹೆಸರು) ಬಾಯಿ ಮುಚ್ಚದಿರುವುದು ಈಗ ಹೆಚ್ಚು ತಟ್ಟಿತು. ಅವನು ಮಾತಾಡುವುದೇ ಭಯಕ್ಕೆ.

‘ಥಾರ್: ರಾಗ್ನರಾಕ್’ (2017) ಬರುವವರೆಗೆ ಥಾರ್ ಬಿಗಿದ ಮುಖದ ದೇವರು. ಕ್ರಿಸ್ ಹೆಮ್ಸ್‌ವರ್ತ್‌ಗೆ ಇಷ್ಟು ಚೆನ್ನಾಗಿ ನಗಿಸಲು ಬರುತ್ತದೆ ಎಂದು ತೋರಿಸಿಕೊಟ್ಟದ್ದು ವೈಟೀಟಿ. ಅಖಾಡದಲ್ಲಿ ಎದುರಾಳಿಯಾಗಿ, ಹಿಂದೆ ತನ್ನದೇ ತಂಡದಲ್ಲಿದ್ದ ಹಸಿರು ದೈತ್ಯ ಹಲ್ಕ್ ನುಗ್ಗಿ ಬಂದಾಗ ಥಾರ್ ಖುಷಿಯಿಂದ ಕೂಗುತ್ತಾನಲ್ಲ, ‘ಇವನು ನನ್ನ ಗೆಳೆಯ, ಒಟ್ಟಿಗೆ ಕೆಲಸ ಮಾಡುತ್ತೇವೆ’ ಎಂದು. ಆ ಮಾತನ್ನು ಸೂಚಿಸಿದ್ದು ಸೆಟ್ ನೋಡಲು ಬಂದಿದ್ದ ಒಂದು ಮಗು. ಮಗುವೇ ಹೇಳಬಹುದಾದ ಮಾತು ಅದು, ಅಷ್ಟು ನಿಷ್ಕಪಟ. ಎಷ್ಟು ಸಲ ನೋಡಿದರೂ ನಗು ಬರುತ್ತದೆ.

ನನ್ನ ತಕರಾರು ಕೊನೆಯ ದೃಶ್ಯದ ಬಗ್ಗೆ. ಥಾರ್‌ನ ನಾಡು ಆಸ್‌ಗಾರ್ಡ್ ಉರಿಯುತ್ತಿದೆ, ಜನ ಹಡಗಿನಿಂದ ತಮ್ಮ ಊರನ್ನು ನೋಡುತ್ತಿದ್ದಾರೆ. ಅಡಿಪಾಯ ಗಟ್ಟಿಯಾಗಿದ್ದರೆ ಮತ್ತೆ ಕಟ್ಟಬಹುದು ಎಂದು ಥಾರ್‌ನ ಕಲ್ಲುಮೈಯ ಗೆಳೆಯ ಕೋರ್ಗ್ ಸಮಾಧಾನ ಹೇಳುವಷ್ಟರಲ್ಲಿ ಎಲ್ಲವೂ ಸಿಡಿದು ಚೂರಾಗುತ್ತದೆ. ಅಡಿಪಾಯವೂ ಹೋಯಿತು, ಕ್ಷಮಿಸಿ ಎನ್ನುತ್ತಾನೆ. ಥಿಯೇಟರಿನಲ್ಲಿ ಜೋರಾಗಿ ನಕ್ಕಿದ್ದೆ. ಈಗ ನೋಡಿದರೆ, ಊರು ಕಳೆದುಕೊಂಡವರಿಗೆ ಅಳಲು ಒಂದು ನಿಮಿಷವನ್ನೂ ಕೊಡಲಿಲ್ಲವಲ್ಲ ಅನಿಸಿತು.

2022ರ ‘ಥಾರ್: ಲವ್ ಆಂಡ್ ಥಂಡರ್’ನಲ್ಲಿ ಇದೇ ಚಟ ವಿಪರೀತಕ್ಕೆ ಹೋಗಿದೆ. ಒಂದು ಕಡೆ ಥಾರ್‌ನ ಹಳೆಯ ಪ್ರೇಯಸಿ ಜೇನ್ ಫಾಸ್ಟರ್ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾಳೆ, ಇನ್ನೊಂದು ಕಡೆ ಕಿರುಚುವ ಮೇಕೆಗಳು. ಮಗಳನ್ನು ಕಳೆದುಕೊಂಡ ಖಳ ಗೋರ್ ಆಗಿ ಕ್ರಿಶ್ಚಿಯನ್ ಬೇಲ್ ಜೀವ ಹಿಂಡುವ ಹಾಗೆ ನಟಿಸಿದ್ದರೂ ಪಕ್ಕದ ದೃಶ್ಯ ಅವನನ್ನು ಮರೆಸಿಬಿಡುತ್ತದೆ. ಇದನ್ನು ಇನ್ನೊಮ್ಮೆ ನೋಡಲಾರೆ.

‘ಶಝಾಮ್’ (2019) ನನ್ನ ಆಯ್ಕೆ. ಹದಿನಾಲ್ಕರ ಹುಡುಗ ಬಿಲ್ಲಿ ಒಂದು ಪದ ಕೂಗಿದರೆ ದೊಡ್ಡವರ ಮೈ, ಅದ್ಭುತ ಶಕ್ತಿ. ಒಳಗಿರುವುದು ಅದೇ ಹುಡುಗ. ಹಾಸ್ಯವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಖಳ ಆಕಾಶದಲ್ಲಿ ನಿಂತು ಭೀಕರ ಭಾಷಣ ಬಿಗಿಯುತ್ತಾನೆ, ಅಷ್ಟು ದೂರದಲ್ಲಿರುವ ಹುಡುಗನಿಗೆ ಒಂದಕ್ಷರ ಕೇಳುವುದಿಲ್ಲ. ಇದಕ್ಕೆ ನಗಲು ಹಿಂದಿನ ಯಾವ ಸಿನಿಮಾವನ್ನೂ ನೋಡಿರಬೇಕಾಗಿಲ್ಲ. ಮುಖ್ಯವಾಗಿ, ಈ ಚಿತ್ರಕ್ಕೆ ಸುಮ್ಮನಿರಲು ಗೊತ್ತು. ಬಿಲ್ಲಿ ವರ್ಷಗಟ್ಟಲೆ ಹುಡುಕಿದ ತಾಯಿ ಸಿಗುತ್ತಾಳೆ. ಜಾತ್ರೆಯಲ್ಲಿ ಕೈತಪ್ಪಿದ ಮಗನನ್ನು ತಾನು ಬೇಕೆಂದೇ ಬಿಟ್ಟುಹೋದೆ ಎಂದು ಬಾಗಿಲಲ್ಲೇ ನಿಂತು ಹೇಳುತ್ತಾಳೆ. ಅವಳು ಅಂದು ಕೊಟ್ಟಿದ್ದ ಪುಟ್ಟ ದಿಕ್ಸೂಚಿಯನ್ನು ಅವನು ಕೈಯಲ್ಲಿಟ್ಟರೆ ಅದೇನೆಂದೇ ಅವಳಿಗೆ ನೆನಪಿಲ್ಲ. ಅಲ್ಲಿ ಒಂದೇ ಒಂದು ಜೋಕ್ ಇಲ್ಲ. ಕೊನೆಯ ಹೊಡೆದಾಟ ಅಗತ್ಯಕ್ಕಿಂತ ಉದ್ದವಾಗಿದೆ, ನಿಜ. ಆದರೂ ಈ ಬಗೆಯ ಚಿತ್ರಗಳನ್ನು ಇದುವರೆಗೆ ನೋಡೇ ಇಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಆಮೇಲೆ ‘ರಾಗ್ನರಾಕ್’. ‘ಡೆಡ್‌ಪೂಲ್’ ನೋಡಲು ಅವಸರವಿಲ್ಲ. ಒಂದೆರಡು ಎಕ್ಸ್-ಮೆನ್ ಚಿತ್ರಗಳನ್ನು ನೋಡಿದ ಮೇಲೆ ಅದರ ರುಚಿ ಹೆಚ್ಚು.