ಅವ್ವನ ಡಬ್ಬಿಯ ತುಂಡು ಸ್ಟ್ರಿಪ್‌ಗಳು: ನೋವಿನ ಮಾತ್ರೆ ತಂದುಕೊಡುವವರು ಓದಿ

ಮನೆಯ ಹಿರಿಯರಿಗೆ ಮಂಡಿನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದುಕೊಡುವವರು ನೀವಾಗಿದ್ದರೆ ಇದು ನಿಮಗಾಗಿ ಬರೆದದ್ದು. ನಾನೂ ನಾಲ್ಕು ತಿಂಗಳು ಹಾಗೆ ತಂದುಕೊಟ್ಟೆ. ಕೊನೆಗೊಂದು ಬೆಳಗಿನ ಜಾವ ಅವ್ವನನ್ನು ಎಷ್ಟು ಅಲುಗಾಡಿಸಿದರೂ ಎಬ್ಬಿಸಲಾಗದೆ 108ಕ್ಕೆ ಕರೆ ಮಾಡಬೇಕಾಯಿತು.

ನಾನು ದಾವಣಗೆರೆಯ ಹೊರವಲಯದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ಭದ್ರಾ ನಾಲೆಯ ಭತ್ತ ಬರುವ ಹಂಗಾಮಿನಲ್ಲಿ ತೂಕದಲ್ಲಿ ಎರಡು ಕಿಲೋ ಹೆಚ್ಚುಕಡಿಮೆ ಬಂದರೂ ಲಾರಿ ನಿಲ್ಲಿಸಿ ಕೇಳುತ್ತೇನೆ. ಅಂಥವನು ಮನೆಯಲ್ಲಿ ಮಾತ್ರೆಯ ಲೆಕ್ಕ ಇಡಲಿಲ್ಲ.

ಅವ್ವನಿಗೆ 68 ವರ್ಷ. ಎರಡೂ ಮಂಡಿ ಸವೆದಿವೆ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟವೂ ಉಳುಕಿದಾಗ ಮೂಳೆ ವೈದ್ಯರು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಐದು ದಿನಕ್ಕೆ ಮಾತ್ರೆ ಬರೆದರು. ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ, ಎರಡೂ ಒಂದೇ ಮಾತ್ರೆಯಲ್ಲಿ. ಐದು ದಿನವಾದ ಮೇಲೆ ಬಂದು ತೋರಿಸಿ ಎಂದಿದ್ದರು. ನಾವು ಹೋಗಲಿಲ್ಲ. ಮೂರನೆಯ ದಿನಕ್ಕೇ ಅವ್ವ ಎದ್ದು ರೊಟ್ಟಿ ತಟ್ಟಲು ಕುಳಿತಿದ್ದಳು. ವಾಸಿಯಾದ ಮೇಲೆ ಮತ್ತೆ ಫೀಸು ಕೊಡುವುದೇಕೆ ಎಂದುಕೊಂಡೆವು. ವಾಸಿಯೇನೂ ಆಗಿರಲಿಲ್ಲ. ನೋವು ಇದ್ದಲ್ಲೇ ಇತ್ತು, ಅದರ ಸುದ್ದಿ ಮೆದುಳಿಗೆ ಮುಟ್ಟುತ್ತಿರಲಿಲ್ಲ, ಅಷ್ಟೆ.

ಮಾತ್ರೆ ಮುಗಿದ ಮರುದಿನ ಅವ್ವ ಖಾಲಿ ಸ್ಟ್ರಿಪ್ಪನ್ನು ನನ್ನ ಅಂಗಿ ಜೇಬಿಗೆ ತುರುಕಿ, "ಇದೇ ತಾ, ಬೇರೆ ಕೊಟ್ಟರೆ ತರಬೇಡ" ಎಂದಳು. ಮೊದಲು ಹೋದ ಔಷಧ ಅಂಗಡಿಯವರು ಚೀಟಿ ಕೇಳಿದರು. ಮನೆಯಲ್ಲಿದೆ ಎಂದೆ. "ತೆಗೆದುಕೊಂಡು ಬನ್ನಿ ಸರ್, ಇದನ್ನು ಹಾಗೆಯೇ ಕೊಡುವಂತಿಲ್ಲ" ಎಂದರು. ಮಂಡಿನೋವಿನ ಮಾತ್ರೆಗೆ ಇಷ್ಟೊಂದು ಬಿಗುಮಾನವೇ ಎಂದು ಗೊಣಗುತ್ತಾ ಎರಡು ರಸ್ತೆ ಆಚೆಯ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ತುಂಡು ಸ್ಟ್ರಿಪ್ ತೋರಿಸಿದರೆ ಸಾಕಾಗಿತ್ತು. ಹತ್ತು ಕೇಳಿದರೆ ಹತ್ತು, ನಾಲ್ಕು ಕೇಳಿದರೆ ಕತ್ತರಿಯಿಂದ ಕತ್ತರಿಸಿ ನಾಲ್ಕು. ಅಲ್ಲಿಂದ ಮುಂದೆ ನಾನು ಅಲ್ಲಿಯ ಕಾಯಂ ಗಿರಾಕಿ. ಎರಡನೆಯ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಸಿಟ್ಟು ಬಂದೂ ಇದೆ. ಆದರೆ ಮೊದಲ ಅಂಗಡಿಯವರನ್ನು ಬೈದುಕೊಂಡು ಬಂದವನು ನಾನೇ ಅಲ್ಲವೇ.

ಅವರು ಚೀಟಿ ಕೇಳಿದ್ದೇಕೆ ಎಂಬುದು ಆಮೇಲೆ ತಿಳಿಯಿತು. ಟ್ರಮಡಾಲ್ ಅಫೀಮಿನಂತೆಯೇ ಮೆದುಳಿನ ಮೇಲೆ ಕೆಲಸ ಮಾಡುವ ಗುಂಪಿನ ಔಷಧ. ಚೀಟಿಯಿಲ್ಲದೆ ಮಾರಬಾರದ ಔಷಧಗಳ, 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ ಅದಿದೆ. ಬರೆದ ವೈದ್ಯರು, ರೋಗಿ, ಔಷಧ, ಪ್ರಮಾಣ ಇಷ್ಟನ್ನೂ ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸಾಲದ್ದಕ್ಕೆ 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಗೂ ಸೇರಿಸಿದರು. ಇದನ್ನೆಲ್ಲ ಗ್ರಾಹಕನಿಗೆ ತಿಳಿಸಲೆಂದೇ ಲೇಬಲ್ಲಿನ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಮುದ್ರಿಸಿರುತ್ತಾರೆ. ನಾನು ತರುತ್ತಿದ್ದ ತುಂಡುಗಳಲ್ಲಿ ಆ ಚೌಕ ಒಮ್ಮೆ ಅರ್ಧ ಇರುತ್ತಿತ್ತು, ಒಮ್ಮೆ ಇರುತ್ತಲೇ ಇರಲಿಲ್ಲ.

ಎರಡು ತಿಂಗಳಲ್ಲಿ ದಿನಕ್ಕೆ ಎರಡು ಹೋಗಿ ಮೂರಾಯಿತು. ಚಳಿ ಬಿದ್ದ ಮೇಲೆ ಐದು. ಮೊದಲಿನಷ್ಟು ಹಿಡಿಯುತ್ತಿಲ್ಲ ಎನ್ನುತ್ತಿದ್ದಳು ಅವ್ವ. ದೇಹ ಮಾತ್ರೆಗೆ ಒಗ್ಗಿಕೊಂಡಿತ್ತು. ನಮಗೆ ಮಾತ್ರ ಅದು ಮಂಡಿ ಇನ್ನಷ್ಟು ಸವೆದ ಗುರುತಿನಂತೆ ಕಂಡಿತು. ಮಲಬದ್ಧತೆ ಹೆಚ್ಚಾಯಿತು, ಇಸಬ್‌ಗೋಲ್ ತಂದೆ. ಊಟದ ಮುಂದೆ ಕುಳಿತರೆ ವಾಕರಿಕೆ; ಪಿತ್ತ ಎಂದು ಜೀರಿಗೆ ಕಷಾಯ ಕುಡಿದಳು. ಸಂಜೆ ಹೂ ಕಟ್ಟುತ್ತಾ ಕುಳಿತಲ್ಲೇ ತೂಕಡಿಸಿ ದಾರ ಕೈಯಿಂದ ಜಾರುತ್ತಿತ್ತು. ಎರಡು ಸಲ ಗೋಡೆಗೆ ಭುಜ ತಾಗಿಸಿಕೊಂಡಳು. ಇವೆಲ್ಲಕ್ಕೂ ನಮ್ಮಲ್ಲಿ ಒಂದೇ ಉತ್ತರ ಸಿದ್ಧವಿತ್ತು: ವಯಸ್ಸಾಯಿತಲ್ಲ. ಒಂದೇ ಮಾತ್ರೆ ಇಷ್ಟೂ ಕೆಲಸ ಮಾಡುತ್ತಿರಬಹುದೆಂದು ಮನೆಯ ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಿದ್ರೆಗೆಂದು ಬೇರೆ ವೈದ್ಯರು ಹಿಂದೆಂದೋ ಬರೆದ ಆಲ್ಪ್ರಜೋಲಮ್ ಕೂಡ ರಾತ್ರಿ ನಡೆಯುತ್ತಿತ್ತು. ಮೂಳೆ ವೈದ್ಯರಿಗೆ ಅದನ್ನು ಹೇಳಬೇಕೆಂದು ನನಗೆ ತೋಚಿರಲಿಲ್ಲ. ಮಂಡಿಗೂ ನಿದ್ರೆಗೂ ಏನು ಸಂಬಂಧ ಎಂದು ತಿಳಿದಿದ್ದೆ.

ಆ ವಾರ ಅವ್ವನಿಗೆ ಜ್ವರ. ಜ್ವರಕ್ಕೆ ಎಲ್ಲರ ಮನೆಯಲ್ಲೂ ಇರುವ 650ರ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಕೊಟ್ಟೆವು. ನೋವಿನದು ತನ್ನ ಪಾಡಿಗೆ ನಡೆದಿತ್ತು. ಮೂರನೆಯ ರಾತ್ರಿ ಮೈಕೈ ನೋವು ತಡೆಯಲಾಗದೆ ಅವಳು ಮಲಗುವ ಮುಂಚೆ ಒಟ್ಟಿಗೆ ಮೂರು ನುಂಗಿ, ಮೇಲೆ ನಿದ್ರೆಯದನ್ನೂ ತೆಗೆದುಕೊಂಡಿದ್ದಳು.

ನಾಲ್ಕೂವರೆಗೆ ಏಳುವವಳು ಆರಾದರೂ ಏಳಲಿಲ್ಲ. ಗೊರಕೆ ಕೇಳಿಸುತ್ತಿತ್ತು, ನಾವೂ ಮಲಗಲಿ ಎಂದು ಬಿಟ್ಟೆವು. ಗೊರಕೆಯನ್ನು ಗಾಢ ನಿದ್ರೆ ಎಂದು ತಿಳಿದ ಆ ಅರ್ಧ ಗಂಟೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನನ್ನ ಹೆಂಡತಿ ಹೋಗಿ ದೀಪ ಹಾಕಿದಳು. ತುಟಿಯ ಬಣ್ಣ ಕಪ್ಪಿಟ್ಟಿತ್ತು. ಗೊರಕೆ ಒಮ್ಮೆ ಬಂದರೆ ಇನ್ನೊಂದು ಬರುವಷ್ಟರಲ್ಲಿ ನಾವೇ ಉಸಿರು ಕಟ್ಟಿ ಕಾಯುವಂತಿತ್ತು. ಮುಖಕ್ಕೆ ನೀರು ಹಾಕಿದರೂ ಕಣ್ಣು ತೆರೆದು ಮತ್ತೆ ಮುಚ್ಚಿದಳು.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಆಕ್ಸಿಜನ್ ಹಾಕಿಸುತ್ತಲೇ, "ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತನ್ನಿ, ಒಂದನ್ನೂ ಬಿಡಬೇಡಿ" ಎಂದರು. ನಾನು ಅವ್ವನ ಸ್ಟೀಲ್ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಸುರಿದೆ. ಒಂದು ಹಿಡಿ ಅಡಿಕೆ, ಒಂದು ಲವಂಗ, ಅಡಕತ್ತರಿಯಲ್ಲಿ ಎರಡಾಗಿಸಿದ ಬಿಳಿ ಮಾತ್ರೆಗಳು, ಸುಮಾರು ಹದಿನೈದು ತುಂಡು ಸ್ಟ್ರಿಪ್‌ಗಳು. ಒಂದರ ಬೆನ್ನ ಮೇಲೆ ಹೆಸರಿನ ಬಾಲವಷ್ಟೇ ಉಳಿದಿತ್ತು, ಇನ್ನೊಂದರಲ್ಲಿ ಬೆಲೆ ಮಾತ್ರ. ಡಾಕ್ಟರಮ್ಮ ಅವನ್ನು ಒಂದರ ಪಕ್ಕ ಒಂದಿಟ್ಟು ಹೆಸರು ಕೂಡಿಸಿ ಓದಬೇಕಾಯಿತು. "ಯಾರು ತಂದುಕೊಡುತ್ತಿದ್ದರು?" ಎಂದು ಕೇಳಿದರು. ನಾನೇ ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ.

ಅವರು ಹೇಳಿದ್ದು ಇಷ್ಟು. ಟ್ರಮಡಾಲ್ ಮತ್ತು ನಿದ್ರೆಯ ಮಾತ್ರೆ ಎರಡೂ ಮೆದುಳಿನಲ್ಲಿ ಉಸಿರಾಟ ನಡೆಸುವ ಜಾಗವನ್ನೇ ಮಂಕು ಮಾಡುತ್ತವೆ. ಜೊತೆಗೂಡಿದರೆ ಮಲಗಿದವರು ಉಸಿರಾಡುವುದನ್ನೇ ಮರೆಯಬಹುದು. ಮದ್ಯ ಸೇರಿದರೂ ಹೀಗೆಯೇ. ಅಫೀಮಿನ ಗುಂಪಿನ ಔಷಧಕ್ಕೆ ನಲಾಕ್ಸೋನ್ ಎಂಬ ಪ್ರತಿಮದ್ದು ಉಂಟು, ಆದರೆ ಟ್ರಮಡಾಲ್ ವಿಷಯದಲ್ಲಿ ಅದು ಪೂರ್ತಿ ಕೆಲಸ ಮಾಡುವುದಿಲ್ಲ, ನಿದ್ರೆಯ ಮಾತ್ರೆಯ ಮೇಲಂತೂ ಅದು ಏನೂ ಮಾಡದು. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರುವುದೂ ಉಂಟು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಅಪಾಯ ಇನ್ನೂ ಹೆಚ್ಚು. ಆಮೇಲೆ ಚೀಟಿಯ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದು ನನ್ನ ಕಡೆ ತಿರುಗಿಸಿದರು. ನೋವಿನ ಮಾತ್ರೆ ಐದರಲ್ಲಿ ಪ್ಯಾರಸಿಟಮಾಲ್ 1,625 ಮಿಲಿಗ್ರಾಂ. ಜ್ವರದ ಮಾತ್ರೆ ನಾಲ್ಕರಲ್ಲಿ 2,600. ಕೂಡಿದರೆ 4,225. ಗಟ್ಟಿಮುಟ್ಟಾದ ದೊಡ್ಡವರಿಗೇ ದಿನಕ್ಕೆ 4,000 ಕೊನೆಯ ಗೆರೆ. ಅವ್ವನ ವಯಸ್ಸಿಗೆ, ಅವಳ ಕಡ್ಡಿ ಮೈಗೆ, ಅಷ್ಟೂ ಸಲ್ಲದು. ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಆ ಕೂಡಿಸುವ ಲೆಕ್ಕ ನಾನು ಗಿರಣಿಯಲ್ಲಿ ದಿನವೂ ಮಾಡುವುದೇ.

ಯಕೃತ್ತಿನ ಪರೀಕ್ಷೆಯಲ್ಲಿ ಅಂಕಿ ಸ್ವಲ್ಪ ಏರಿತ್ತು, ವಾರದಲ್ಲಿ ಇಳಿಯಿತು. ಅವ್ವ ಅಂದು ಸಂಜೆಯೇ ಮಾತಾಡಿದಳು. ನಮ್ಮ ಪುಣ್ಯ ದೊಡ್ಡದಿತ್ತು.

ಕಷ್ಟದ ದಿನಗಳು ಆಮೇಲೆ ಬಂದವು. ಮಾತ್ರೆ ನಿಂತ ಎರಡನೆಯ ದಿನ ಮೂಗು ಸುರಿಯತೊಡಗಿತು. ಮೈಯೆಲ್ಲ ಮುಳ್ಳು, ಭೇದಿ, ಕಾಲು ಒಂದು ಕಡೆ ಇಡಲಾಗದ ಚಡಪಡಿಕೆ. ರಾತ್ರಿಯೆಲ್ಲ ಹಾಸಿಗೆಯ ಅಂಚು ಹಿಡಿದು ಕುಳಿತು, "ಒಂದೇ ಒಂದು ಕೊಡಪ್ಪಾ, ನಿನ್ನ ಕಾಲು ಹಿಡಿಯುತ್ತೇನೆ" ಎಂದಳು. ಎಂದೂ ಯಾರ ಮುಂದೆಯೂ ಕೈ ಚಾಚದ ಹೆಂಗಸು. ನಾನು ಹೊರಗೆ ಕಾರಿಡಾರಿಗೆ ಹೋಗಿ ನಿಂತೆ. ಡಾಕ್ಟರಮ್ಮ, ಇದು ಚಟ ಎಂದು ಅವರನ್ನು ಹೀಯಾಳಿಸಬೇಡಿ, ತಿಂಗಳುಗಟ್ಟಲೆ ನುಂಗಿದರೆ ಯಾರ ದೇಹವಾದರೂ ಹೀಗೆ ಕೇಳುತ್ತದೆ ಎಂದರು. ನಿದ್ರೆಯ ಮಾತ್ರೆಯನ್ನೂ ಒಮ್ಮೆಗೇ ಕಿತ್ತುಹಾಕಬಾರದಂತೆ. ಎರಡಕ್ಕೂ ತಾರೀಖು ಹಾಕಿ, ಸ್ವಲ್ಪ ಸ್ವಲ್ಪ ಇಳಿಸುವ ಪಟ್ಟಿ ಬರೆದುಕೊಟ್ಟರು. ಇಳಿಸಿ ಮುಗಿಸಲು ಎರಡು ತಿಂಗಳ ಮೇಲಾಯಿತು. ಹಾಗಾಗಿ ಇದನ್ನು ಓದಿ ಗಾಬರಿಯಾಗಿ ಯಾರೂ ಇವತ್ತೇ ಮಾತ್ರೆ ಎಸೆಯಬೇಡಿ; ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಬರೆದ ವೈದ್ಯರ ಹತ್ತಿರ ಹೋಗಿ. ಹೋಗಲು ಸಂಕೋಚವಾದರೆ ವ್ಯಸನಮುಕ್ತಿಯ ಸಹಾಯವಾಣಿ 14446, ಇಲ್ಲವೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇವೆ. ಕರೆದರೆ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿದ್ದರೆ, ಗೊರಕೆ ಎಂದೂ ಕೇಳದ ರೀತಿ ಇದ್ದರೆ ಕಾಯಬೇಡಿ, 108.

ಇನ್ನೊಂದು ಮಾತು ನ್ಯಾಯಕ್ಕಾಗಿ. ಬರೆದ ವೈದ್ಯರು ತಪ್ಪು ಮಾಡಿರಲಿಲ್ಲ. ಐದು ದಿನಕ್ಕೆ, ಹೇಳಿದಷ್ಟೇ ತೆಗೆದುಕೊಂಡಿದ್ದರೆ ಅದು ಒಳ್ಳೆಯ ಮಾತ್ರೆಯೇ. ಅವ್ವನನ್ನು ಮೂರು ದಿನದಲ್ಲಿ ಎಬ್ಬಿಸಿ ಕೂರಿಸಿದ್ದು ಸುಳ್ಳಲ್ಲ.

ಈಗ ಮಂಡಿಗೆ ಬಿಸಿನೀರಿನ ಚೀಲ, ಕಾಲಡಿಗೆ ಟವೆಲ್ ಸುತ್ತಿಟ್ಟು ಮಾಡುವ ವ್ಯಾಯಾಮ. ನೋವು ಇದೆ, ಬೈಯುತ್ತಲೇ ಮಾಡುತ್ತಾಳೆ. ನಾನು ಔಷಧವನ್ನು ಇಡೀ ಸ್ಟ್ರಿಪ್ ಆಗಿಯೇ ತರುತ್ತೇನೆ, ಬಿಲ್ಲು ಕೇಳಿ ಪಡೆಯುತ್ತೇನೆ. ಕ್ಯಾಲೆಂಡರಿನ ಪಕ್ಕದ ಕಾಗದದಲ್ಲಿ ಮಾತ್ರೆಯ ಬ್ರ್ಯಾಂಡ್ ಬದಲು ಒಳಗಿನ ಔಷಧದ ಹೆಸರು ಬರೆದಿದ್ದೇನೆ. ಬೇರೆ ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಆ ಕಾಗದ ಮುಂದಿಡುತ್ತೇನೆ. ಸೊಸೆಯಾದವಳು ಡಬ್ಬಿಯನ್ನು ತೊಳೆದು ಅಡಿಕೆಗೇ ಬಿಟ್ಟಿದ್ದಾಳೆ.

ಕಳೆದ ವಾರ ಅವ್ವನಿಗೆ ತಟ್ಟನೆ ನೆನಪಾಯಿತು: ದೀಪಾವಳಿಗೆ ಬಂದಿದ್ದ ಹರಿಹರದ ಚಿಕ್ಕಮ್ಮನಿಗೂ ಒಂದಿಷ್ಟು ಕೊಟ್ಟು ಕಳಿಸಿದ್ದಳಂತೆ. ಕೇಳಿದ ಕೂಡಲೇ ಬಸ್ ಹತ್ತಿದೆ. ಚಿಕ್ಕಮ್ಮ ದೇವರ ಗೂಡಿನ ಹಿಂದಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಮೂರು ಉಳಿದಿದ್ದವು. ನಾನು ಅವನ್ನು ಜೇಬಿಗೆ ಹಾಕಿಕೊಳ್ಳುತ್ತಿರುವುದನ್ನು ನೋಡಿ, "ಅಂಗಡಿಯಲ್ಲಿ ತೋರಿಸಲು ಒಯ್ಯುತ್ತೀಯೇನಪ್ಪಾ? ಭಾರಿ ಒಳ್ಳೆಯ ಮಾತ್ರೆ. ಬರುವಾಗ ಒಂದೆರಡು ಶೀಟು ತಂದುಬಿಡು" ಎಂದರು.