ಮನೆಯ ಸರ್ವರ್, ಬಾಡಿಗೆಯ ಸರ್ವರ್: ಬಳಸಿ ಕಂಡ ವ್ಯತ್ಯಾಸ

ಕುಟುಂಬದ ಫೋಟೊಗಳಿಗಾಗಿ ನೆಕ್ಸ್ಟ್‌ಕ್ಲೌಡ್ (ಫೈಲುಗಳನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ತಂತ್ರಾಂಶ), ಎಲ್ಲರೂ ನೋಡಬಹುದಾದ ಒಂದು ಸಣ್ಣ ಜಾಲತಾಣ, ಇವೆರಡನ್ನೂ ನಾನು ಶಿವಮೊಗ್ಗದ ಮನೆಯಲ್ಲಿರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿಯೂ ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಷನ್ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಬಾಡಿಗೆಗೆ ಪಡೆದ ಸರ್ವರ್‌ನಲ್ಲಿಯೂ ನಡೆಸಿ ನೋಡಿದ್ದೇನೆ. ಫೋಟೊಗಳಿಗೆ ಮನೆಯೇ ಸರಿ, ಜಾಲತಾಣಕ್ಕೆ ಬಾಡಿಗೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಖರ್ಚಿನಲ್ಲಿ ನಿರ್ಣಾಯಕವಾಗುವುದು ಡಿಸ್ಕಿನ ಜಾಗ. ತಿಂಗಳಿಗೆ 6 ಡಾಲರ್ ಬಾಡಿಗೆಗೆ 1 ಜಿಬಿ ರ‍್ಯಾಮ್ ಮತ್ತು 25 ಜಿಬಿ ಡಿಸ್ಕ್ ದೊರೆಯುತ್ತವೆ. ಅದರ ಮೇಲೆ ಜಿಎಸ್‌ಟಿ ಬೇರೆ. ಜಾಲತಾಣಕ್ಕೆ ಇದು ಧಾರಾಳ. ಆದರೆ ಮನೆಮಂದಿಯ ಫೋಟೊ, ವಿಡಿಯೊಗಳಿಗೆ 1 ಟಿಬಿ ಜಾಗ ಬೇಕೆಂದರೆ ಡಿಸ್ಕಿಗೇ ತಿಂಗಳಿಗೆ ಸುಮಾರು 100 ಡಾಲರ್ ತೆರಬೇಕಾಗುತ್ತದೆ. ಮನೆಯಲ್ಲಾದರೆ ಎಸ್‌ಎಸ್‌ಡಿಯನ್ನು ಒಮ್ಮೆ ಕೊಂಡರಾಯಿತು. ಪೈ ಮತ್ತು ಎಸ್‌ಎಸ್‌ಡಿ ಸೇರಿ ಸತತವಾಗಿ 10 ವ್ಯಾಟ್ ಎಳೆಯುತ್ತವೆಂದು ಹಿಡಿದರೂ ತಿಂಗಳ ವಿದ್ಯುತ್ ಬಳಕೆ 7 ಯೂನಿಟ್ ಚಿಲ್ಲರೆಯಷ್ಟೇ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಮಾತ್ರ ಮನೆಯ ಸರ್ವರ್‌ನ ಮಿತಿ ಎದ್ದು ಕಾಣುತ್ತದೆ. ಯುಪಿಎಸ್ ಪೈಗಷ್ಟೇ ಇದ್ದರೆ ಸಾಲದು, ರೂಟರ್‌ಗೂ ಫೈಬರ್ ಪೆಟ್ಟಿಗೆಗೂ ಇರಬೇಕು. ಅಷ್ಟಿದ್ದರೂ ಹೊರಗಿನ ಲೈನ್ ಸತ್ತಿದ್ದರೆ ಜಾಲತಾಣ ಯಾರಿಗೂ ಸಿಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಐಪಿ ವಿಳಾಸದ್ದು, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯದ್ದು. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (WAN) ವಿಳಾಸ, ಅಂದರೆ ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ, 100.64ರಿಂದ 100.127ರ ನಡುವೆ ಇದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ ಎಂದೇ ಅರ್ಥ. ಹಾಗಿದ್ದಾಗ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಮನೆಯ ಸರ್ವರ್‌ಗೆ ದಾಟಿಸಲು ರೂಟರ್‌ನಲ್ಲಿ ಮಾಡುವ ಏರ್ಪಾಡು) ಎಷ್ಟು ಮಾಡಿದರೂ ಹೊರಗಿನವರು ಆ ವಿಳಾಸದ ಮೂಲಕ ಒಳಬರಲಾರರು. ನನ್ನ ಸಂಪರ್ಕವೂ ಅಂಥದ್ದೇ. ಆದ್ದರಿಂದ ಪೈಯಿಂದ ಬಾಡಿಗೆಯ ಸರ್ವರ್‌ಗೆ ವೈರ್‌ಗಾರ್ಡ್ ಸುರಂಗವೊಂದನ್ನು (ಎರಡು ಯಂತ್ರಗಳ ನಡುವಿನ ಎನ್‌ಕ್ರಿಪ್ಟ್ ಮಾಡಿದ ಖಾಸಗಿ ಸಂಪರ್ಕ) ಹಾಕಿ, ಸಂಪರ್ಕ ಕಡಿದುಹೋಗದಂತೆ 25 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಕಳುಹಿಸುವಂತೆ ಮಾಡಿದೆ. ಈಗ ಊರಾಚೆ ಇದ್ದಾಗಲೂ ಫೋಟೊಗಳು ತೆರೆಯುತ್ತವೆ. ಮನೆಯೊಳಗಂತೂ ವಿಡಿಯೊ ಏರಿಸಲು ಇಂಟರ್ನೆಟ್ಟೇ ಬೇಕಿಲ್ಲ.

ಸುರಕ್ಷತೆಯ ವಿಷಯದಲ್ಲಿ ಈ ಅಡ್ಡಿಯೇ ಉಪಕಾರಿ ಎಂದರೂ ತಪ್ಪಲ್ಲ. ಬಾಡಿಗೆಯ ಸರ್ವರ್ ಚಾಲೂ ಆದ ಸ್ವಲ್ಪ ಹೊತ್ತಿಗೇ ಅದರ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ಲಾಗ್‌ನಲ್ಲಿ ಅಪರಿಚಿತರು ರೂಟ್, ಅಂದರೆ ಸರ್ವಾಧಿಕಾರದ ಬಳಕೆದಾರನ, ಹೆಸರಿನಲ್ಲಿ ಪಾಸ್‌ವರ್ಡ್ ಊಹಿಸುವ ಸಾಲುಗಳು ತುಂಬತೊಡಗುತ್ತವೆ. ಅಲ್ಲಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ (ಪಾಸ್‌ವರ್ಡ್ ಬದಲಿಗೆ ಗುರುತು ಸಾಬೀತುಪಡಿಸುವ ಫೈಲು) ಬಳಸುವುದು ಅನಿವಾರ್ಯ. ಪೈಯ ಲಾಗ್‌ನಲ್ಲಿ ನಮ್ಮ ಮನೆಯವರ ಹೊರತು ಯಾರ ಸುಳಿವೂ ಇಲ್ಲ. ಬ್ಯಾಕಪ್ ಹೊಣೆ ಎರಡೂ ಕಡೆ ನಮ್ಮದೇ. ಫೋಟೊಗಳ ಇನ್ನೊಂದು ಪ್ರತಿಯನ್ನು ನಾನು ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಅಕ್ಕನ ಮನೆಯಲ್ಲಿಟ್ಟಿದ್ದೇನೆ.